ಗೋಡೆಯಾಚೆ ಕಳಿಸಿದ ಬಿಸಿ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ವಿಜಯವಾಡದ ಬೀದಿಗಳಲ್ಲಿ ನಾಯಿಗಳೂ ಕಾಣುವುದಿಲ್ಲ. ಅಂಗಡಿಗಳ ಷಟರ್ ಅರ್ಧ ಇಳಿದಿರುತ್ತದೆ. ಬೆಂಜ್ ಸರ್ಕಲ್ ಕಡೆಯಿಂದ ಬರುವ ಹಾರನ್ನುಗಳ ಸದ್ದು ಬಿಸಿಲಿಗೆ ಬಾಡಿಹೋದಂತೆ ಸಣ್ಣಗಾಗುತ್ತದೆ. ಊರಿನವರೆಲ್ಲ ಶಪಿಸುವ ಆ ಹೊತ್ತೇ ನನಗೆ ಬೇಕಾಗಿತ್ತು. ನನ್ನ ಕೆಲಸಕ್ಕೆ ಬೇಕಿದ್ದ ನಿಶ್ಶಬ್ದ ದಿನದಲ್ಲಿ ಆ ಎರಡು ತಾಸು ಮಾತ್ರ ಸಿಗುತ್ತಿತ್ತು.

ಆಗ ನಾನು ಮನೆಯಲ್ಲೇ ಕೂತು ಕಾರ್ಖಾನೆ ಕಾರ್ಮಿಕರಿಗಾಗಿ ಸುರಕ್ಷತಾ ಪಾಠಗಳ ಸಿ.ಡಿ. ಮಾಡಿಕೊಡುತ್ತಿದ್ದೆ. ಕೆಲಸ ಕೊಟ್ಟ ಆಫೀಸು ಇದ್ದದ್ದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ಸಿ.ಡಿ. ಬೇಕಾಗಿದ್ದದ್ದು ಅಚ್ಯುತಾಪುರಂನ ಒಂದು ಕಾರ್ಖಾನೆಗೆ. ಆ ಕಂಪನಿಯದೇ ಇನ್ನೊಂದು ಘಟಕ ಕರ್ನಾಟಕದಲ್ಲಿ ಇದ್ದುದರಿಂದ ತೆಲುಗಿನ ಜೊತೆ ಕನ್ನಡದ ಪಾಠವೂ ಆಗಬೇಕಿತ್ತು. ನಾನು ತುಮಕೂರಿನ ಕಡೆಯವಳು, ಮದುವೆಯಾಗಿ ಬಂದದ್ದು ವಿಜಯವಾಡಕ್ಕೆ. ಕನ್ನಡ ಓದುವ ದನಿ ಈ ಊರಲ್ಲಿ ಹುಡುಕಿದರೂ ಸಿಗದ ಕಾರಣ ಓದುವುದು, ರೆಕಾರ್ಡ್ ಮಾಡುವುದು, ಎಡಿಟ್ ಮಾಡುವುದು ಮೂರೂ ನನ್ನ ಪಾಲಿಗೇ ಬಂದವು.

ಪಾಠದ ಕ್ರಮ ಸರಳ. ನಾನು ಒಂದು ಸೂಚನೆ ಹೇಳಬೇಕು, ಆಮೇಲೆ ಕೆಲವು ಕ್ಷಣ ಸುಮ್ಮನಿರಬೇಕು. ಕೇಳುತ್ತಿರುವ ಕಾರ್ಮಿಕರು ಅದನ್ನು ಬಾಯಲ್ಲಿ ಹೇಳಿಕೊಳ್ಳಲು ಆ ಬಿಡುವು. ಆಮೇಲೆ ಮುಂದಿನ ಸೂಚನೆ. ಕಷ್ಟವೆಲ್ಲ ಇದ್ದದ್ದು ಆ ಬಿಡುವಿನಲ್ಲೇ. ನಾನು ಮಾತು ನಿಲ್ಲಿಸಿದ ತಕ್ಷಣ ಕಂಪ್ಯೂಟರಿನ ಫ್ಯಾನು ಕೇಳುತ್ತಿತ್ತು.

ಅದು ಕೆಲವು ವರ್ಷ ಹಳೆಯ ಯಂತ್ರ. ಅದರ ಪ್ರೊಸೆಸರ್ ಸುಮ್ಮನೆ ಇದ್ದರೂ ಬಿಸಿಯಾಗುವ ಜಾತಿಯದು. ರೆಕಾರ್ಡಿಂಗಿಗೆಂದು ಕಿಟಕಿ ಮುಚ್ಚಿ, ಗೋಡೆಗೆ ರಜಾಯಿ ಕಟ್ಟಿ, ಸೀಲಿಂಗ್ ಫ್ಯಾನ್ ಆರಿಸಿದರೆ ಕೋಣೆ ಹಂಚಿನ ಹಾಗೆ ಕಾಯುತ್ತಿತ್ತು. ಪ್ರೊಸೆಸರಿನ ಉಷ್ಣತೆ ಎಪ್ಪತ್ತು ಡಿಗ್ರಿ ದಾಟಿದೊಡನೆ ಅದರ ಮೇಲಿನ ಪುಟ್ಟ ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಬೀದಿ ಸುಮ್ಮನಾಗುವ ಹೊತ್ತಿಗೇ ಅದು ಕಿರುಚುತ್ತಿತ್ತು. ಆ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಿ ಕಳಿಸಿದ ಮೊದಲ ಸಿ.ಡಿ. ಹಿಂದಕ್ಕೆ ಬಂತು. ಕನ್ನಡ ಪಾಠವನ್ನು ಪರಿಶೀಲಿಸುತ್ತಿದ್ದವರು ಅಚ್ಯುತಾಪುರಂ ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ಗದಗದ ಕಡೆಯವರು. ಅವರು ಫೋನ್ ಮಾಡಿ ಮೆಲ್ಲಗೆ ಹೇಳಿದರು: "ಮೇಡಂ, ನಿಮ್ಮ ದನಿ ಹಂಡೆದಾಗ ಕುಂತು ಮಾತಾಡಿದಂಗ ಕೇಳತೈತ್ರಿ."

ಯಂತ್ರವನ್ನು ಪಕ್ಕದ ಕೋಣೆಯಲ್ಲಿಟ್ಟು ಉದ್ದ ತಂತಿ ಎಳೆದರೆ ಸಾಲದೇ ಎಂದು ನನ್ನ ಗಂಡ ಕೇಳಿದರು. ಅವರಿಗೆ ಕೆಲಸ ಗುಂಟೂರಿನಲ್ಲಿ. ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಎಳೆದೂ ನೋಡಿದೆ. ಮೈಕಿನ ತಂತಿ ಉದ್ದವಾದಷ್ಟೂ ಮನೆಯ ಕರೆಂಟಿನ ಗುಂಯ್ ಎನ್ನುವ ಸದ್ದು ದನಿಯೊಳಗೆ ಸೇರಿತು. ಎ.ಸಿ. ಹಾಕಿಸೋಣವೆಂದರೆ ಆ ಬಾಡಿಗೆ ಮನೆಯ ವೈರಿಂಗ್ ಅದನ್ನು ತಡೆಯುತ್ತಿರಲಿಲ್ಲ, ತಡೆದರೂ ಎ.ಸಿ.ಗೂ ಒಂದು ಸದ್ದಿದೆ. ಬಿಸಿ ಹೀರುವ ಲೋಹದ ದೊಡ್ಡ ಹೀಟ್‌ಸಿಂಕ್, ನಿಧಾನ ತಿರುಗುವ ದೊಡ್ಡ ಫ್ಯಾನು ಹಾಕಿ ನೋಡಿದೆ. ಸದ್ದು ಕಡಿಮೆಯಾಯಿತು, ಆದರೆ ಅರ್ಧ ಪಾಠಕ್ಕೇ ಯಂತ್ರ ಬಿಸಿ ತಾಳದೆ ತಾನಾಗಿ ಆರಿಹೋಯಿತು.

ಆಗ ನೀರಿನ ವಿಚಾರ ಬಂತು. ಇಂಟರ್ನೆಟ್ಟಿನಲ್ಲಿ ಹವ್ಯಾಸಿಗಳು ತಾವೇ ಕಟ್ಟಿದ ನೀರಿನ ವ್ಯವಸ್ಥೆಯ ಫೋಟೋ ಹಾಕುತ್ತಿದ್ದ ಕಾಲ ಅದು. ಪ್ರೊಸೆಸರಿನ ಮೇಲೆ ತಾಮ್ರದ ಟೊಳ್ಳು ಬಿಲ್ಲೆ ಕೂರಿಸಿ, ಅದರೊಳಗೆ ನೀರು ಹರಿಸಿ, ಕಾದ ನೀರನ್ನು ರೇಡಿಯೇಟರಿನಲ್ಲಿ ಆರಿಸಿ ಮತ್ತೆ ಒಳಕ್ಕೆ ಕಳಿಸುವುದು. ಅವರೆಲ್ಲ ಚಳಿ ದೇಶದವರು. ವಿಜಯವಾಡದ ಬೇಸಿಗೆಗೆ ಇದರಿಂದ ಉಪಯೋಗವಿದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಬಂದ ಉತ್ತರ ಅಷ್ಟೇನೂ ಹುರುಪಿನದಲ್ಲ. ಕೋಣೆಯ ಗಾಳಿ ಎಷ್ಟು ಬಿಸಿಯಿದೆಯೋ ಅದಕ್ಕಿಂತ ಕೆಳಗೆ ನೀರು ಯಾವತ್ತೂ ತಣಿಯದು. ನೀರು ಬಿಸಿಯನ್ನು ಕೊಲ್ಲುವುದಿಲ್ಲ, ಹೊತ್ತುಕೊಂಡು ಬೇರೆ ಕಡೆ ಇಳಿಸುತ್ತದೆ, ಅಷ್ಟೆ. ಆದರೆ ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ ಅನಿಸಿತು. ಬಿಸಿಯೂ ಫ್ಯಾನೂ ಬೇರೆಲ್ಲಾದರೂ ಇರಲಿ, ಈ ಕೋಣೆಯಲ್ಲಿ ಮಾತ್ರ ಬೇಡ.

"ಕರೆಂಟಿನ ಪೆಟ್ಟಿಗೆಯೊಳಗೆ ನೀರು ಬಿಡ್ತೀಯಾ?" ಎಂದು ಗಂಡ ತೆಲುಗಿನಲ್ಲಿ ಕೇಳಿದರು. ಬಿಡುತ್ತೇನೆ ಎಂದೆ. ಮಾರನೇ ದಿನ ಅವರು ಮನೆಯ ಫೋಟೋಗಳನ್ನೆಲ್ಲ ಸಿ.ಡಿ.ಗೆ ಹಾಕಿ ಬೀರುವಿನಲ್ಲಿಟ್ಟರು.

ತಾಮ್ರದ ಬಿಲ್ಲೆಯನ್ನು, ನಾನು ಬರೆದು ಕಳಿಸಿದ ಚಿತ್ರ ನೋಡಿ, ಸುರಕ್ಷತಾ ಅಧಿಕಾರಿಗಳೇ ವಿಶಾಖಪಟ್ಟಣದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿ ಕೊರಿಯರ್‌ನಲ್ಲಿ ಕಳಿಸಿದರು. ರೇಡಿಯೇಟರ್ ಸಿಕ್ಕಿದ್ದು ಆಟೋ ನಗರದ ಹಳೆ ಸಾಮಾನಿನ ಅಂಗಡಿಯಲ್ಲಿ, ಯಾವುದೋ ವಿದೇಶಿ ಕಾರಿನ ಹೀಟರ್‌ನೊಳಗಿನದು. ಪಂಪು ಮೀನಿನ ತೊಟ್ಟಿಗೆ ಹಾಕುವಂಥದು. ಮೊದಲು ಎಲ್ಲವನ್ನೂ ಕಂಪ್ಯೂಟರಿನ ಹೊರಗೇ ಜೋಡಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಒಂದು ಹಗಲು ಪೂರ್ತಿ ನೀರು ಓಡಿಸಿದೆ. ಪೈಪಿನ ಒಂದು ಕ್ಲಿಪ್ಪಿನಿಂದ ಹನಿ ಬಂತು. ಬಿಗಿ ಮಾಡಿ ಮತ್ತೆ ಓಡಿಸಿದೆ. ರೇಡಿಯೇಟರಿನ ಬೆಸುಗೆಯೊಂದು ಬೆವರಿತು. ಆಟೋ ನಗರಕ್ಕೆ ಹೋಗಿ ಬೆಸುಗೆ ಹಾಕಿಸಿ ತಂದೆ. ಪತ್ರಿಕೆ ಒಣಗಿಯೇ ಉಳಿದ ಮೇಲೆ ಯಂತ್ರದೊಳಗೆ ಕೂರಿಸಿದೆ.

ಒಂದು ತಾಸು ಚೆನ್ನಾಗಿತ್ತು. ಆಮೇಲೆ ಮುಚ್ಚಿದ ಕೋಣೆಯಲ್ಲಿ ನೀರೇ ಕಾಯತೊಡಗಿತು. ರೇಡಿಯೇಟರಿನ ಫ್ಯಾನು ಜೋರು ಮಾಡಬೇಕಾಯಿತು, ಅದರ ಸದ್ದು ಹಳೆಯದಕ್ಕಿಂತ ಕಡಿಮೆಯೇನಲ್ಲ. ನಾನು ಬಿಸಿಯನ್ನು ಒಂದು ಮೊಳ ಆಚೆ ಇಟ್ಟಿದ್ದೆ, ಅಷ್ಟೇ.

ಬಿಟ್ಟುಬಿಡುವವಳಿದ್ದೆ. ಆದರೆ ರಜಾಯಿಯ ಹಿಂದೆ, ಗೋಡೆಯ ಮೇಲ್ಭಾಗದಲ್ಲಿ, ಒಂದು ವೆಂಟಿಲೇಟರ್ ಇದ್ದದ್ದು ನೆನಪಾಯಿತು. ಅದು ನಮ್ಮ ಮನೆಗೂ ಹಿಂದಿನ ಮನೆಗೂ ನಡುವಿನ ಸಂದಿಗೆ ತೆರೆಯುತ್ತಿತ್ತು. ಒಬ್ಬ ಮನುಷ್ಯ ಅಡ್ಡ ತಿರುಗಿ ನಡೆಯಬಹುದಾದಷ್ಟು ಅಗಲದ, ಎರಡೂ ತುದಿ ಮುಚ್ಚಿದ, ಬಿಸಿಲೇ ಬೀಳದ ಜಾಗ. ಹಿಂದಿನ ಮನೆಯ ಮುಂಬಾಗಿಲು ಇನ್ನೊಂದು ಬೀದಿಗೆ. ನಾವು ಬಂದು ಆರು ತಿಂಗಳಾಗಿದ್ದರೂ ಅವರ ಮುಖ ನೋಡಿರಲಿಲ್ಲ. ಪೈಪುಗಳನ್ನು ವೆಂಟಿಲೇಟರಿನ ಮೂಲಕ ಹಾಯಿಸಿ, ಪಂಪನ್ನೂ ರೇಡಿಯೇಟರನ್ನೂ ಫ್ಯಾನಿನ ಸಮೇತ ಅಲ್ಲಿಂದಲೇ ಕೈ ಚಾಚಿ, ಸಂದಿಯ ಗೋಡೆಗೆ ಬಿಗಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದೆ.

ಆ ಮಧ್ಯಾಹ್ನ ಕಂಪ್ಯೂಟರ್ ಹಾಕಿ ಕೂತಾಗ ಅದು ಆನ್ ಆಗಿದೆಯೋ ಇಲ್ಲವೋ ಎಂದು ದೀಪ ನೋಡಿ ಖಚಿತ ಮಾಡಿಕೊಳ್ಳಬೇಕಾಯಿತು. ನನ್ನ ಉಸಿರು ಕೇಳುತ್ತಿತ್ತು. ಬಟ್ಟೆ ಸರಿದರೆ ಕೇಳುತ್ತಿತ್ತು. ಪೈಪು ಮುಟ್ಟಿದರೆ ಒಳಗೆ ನೀರು ಬೆಚ್ಚಗೆ ಮಿಡಿಯುತ್ತಿತ್ತು. ಬೆಂಕಿ ಅವಘಡದ ಅಧ್ಯಾಯವನ್ನು ನಾಲ್ಕಾರು ದಿನಗಳಲ್ಲಿ ಓದಿ ಮುಗಿಸಿದೆ. ದನಿಯ ಮಟ್ಟವನ್ನು ಏರಿಸಿ ಸಮ ಮಾಡಿ, ಫ್ಯಾನ್ ಹಾಕಿಕೊಂಡ ಹಾಲ್‌ನಲ್ಲಿ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಸಿ.ಡಿ. ಕಳಿಸಿದೆ.

ಮೂರನೆಯ ದಿನ ಸುರಕ್ಷತಾ ಅಧಿಕಾರಿಗಳ ಫೋನ್ ಬಂತು.

"ಮೇಡಂ, ನಿಮ್ಮ ಕೂಡ ಇನ್ಯಾರರೆ ಕುಂತಿದ್ರೇನ್ರಿ ಓದೋ ಮುಂದ?"

"ಇಲ್ಲ ಸರ್. ಮನೇಲಿ ನಾನೊಬ್ಬಳೇ ಇದ್ದದ್ದು."

"ಹಂಗಾದ್ರ ಒಮ್ಮೆ ಆಫೀಸಿಗೆ ಬಂದು ಕೇಳ್ರಿ. ಫೋನಿನ್ಯಾಗ ಹೇಳಿದ್ರ ನೀವು ನಂಬಂಗಿಲ್ಲ."

ಬೆಳಗಿನ ರೈಲು ಹಿಡಿದು ವಿಶಾಖಪಟ್ಟಣಕ್ಕೆ ಹೋದೆ. ದ್ವಾರಕಾ ನಗರದ ಆಫೀಸಿನ ಒಳಕೋಣೆಯಲ್ಲಿ ಅವರು ನನ್ನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ತಾವು ಕಿಟಕಿಯ ಕಡೆ ಮುಖ ಮಾಡಿ ನಿಂತರು.

ನನ್ನ ದನಿ ಹೇಳಿತು: "ಹೊಗೆ ಕಂಡರೆ ಗಾಬರಿಯಾಗಬೇಡಿ." ಬಿಡುವು. ಬಿಡುವಿನ ತಳದಲ್ಲಿ ಏನೋ ಇತ್ತು. ಗಾಳಿಯೂ ಅಲ್ಲ, ನೀರೂ ಅಲ್ಲ.

"ಬಾಗಿಲಿನ ಬಳಿ ಬಂದು ನಿಲ್ಲಿ," ಎಂದಿತು ನನ್ನ ದನಿ.

ಬಹಳ ದೂರದಿಂದ, ತೆಳ್ಳಗೆ, ಒಬ್ಬ ಹೆಂಗಸು ಹೇಳಿದಳು: "ನಿಂತೀನವ್ವಾ."

ಕೈ ತಾನಾಗಿ ಹೆಡ್‌ಫೋನ್ ಕಡೆ ಹೋಯಿತು. ತೆಗೆಯಲಿಲ್ಲ.

"ಜೋರಾಗಿ ಕೂಗಿ ಇತರರಿಗೆ ತಿಳಿಸಿ."

"ಕೂಗಾಕತ್ತೀನಿ. ಯಾರೂ ಬರವಲ್ರು."

ಮುಂದಿನ ಸೂಚನೆಯ ಬಳಿಕ ಒಂದು ನಿಟ್ಟುಸಿರು. ಅದರ ಮುಂದಿನದರ ಬಳಿಕ, "ಒಲಿ ಆರಸವ್ವಾ... ಒಲಿ ಆರಸ." ಅಧ್ಯಾಯದ ಉದ್ದಕ್ಕೂ ಹೀಗೆಯೇ. ನಾನು ಮಾತಾಡುತ್ತಿರುವಾಗ ಆ ದನಿ ಒಮ್ಮೆಯೂ ಅಡ್ಡ ಬರಲಿಲ್ಲ. ನಾನು ನಿಲ್ಲಿಸುವುದನ್ನು ಕಾಯುತ್ತಿತ್ತು.

"ನಮ್ಮ ಕಡೆ ಮಾತ್ರಿ ಅದು," ಎಂದರು ಅಧಿಕಾರಿಗಳು, ಕಿಟಕಿಯಿಂದ ತಿರುಗದೆ. "ನಮ್ಮಜ್ಜಿ ಹಿಂಗ ಮಾತಾಡ್ತಿದ್ಲು. ಮೊದಲ ನಾ ನಿಮ್ಮ ಮನಿಯಾಗ ಯಾರರ ಹಿರಿಯರು ಅದಾರ ಅನ್ಕೊಂಡೆ. ಆಮ್ಯಾಲ ಲಕ್ಷ್ಯ ಕೊಟ್ಟು ಕೇಳಿದೆ. ಅವರು ನಿಮಗ ಉತ್ತರ ಕೊಡಾಕತ್ತಾರ್ರಿ."

ವಾಪಸು ರೈಲಿನಲ್ಲಿ ಕೂತು ಆರು ತಾಸು ಕಾರಣ ಹುಡುಕಿದೆ. ಹಳೆಯ ಫೈಲು ಸೇರಿಕೊಂಡಿರಬಹುದು. ಆದರೆ ಅಂಥ ದನಿಯನ್ನು ನಾನು ಎಂದೂ ರೆಕಾರ್ಡ್ ಮಾಡಿರಲಿಲ್ಲ. ಮೈಕಿನ ತಂತಿ ರೇಡಿಯೋ ಹಿಡಿದಿರಬಹುದು. ಆದರೆ ರೇಡಿಯೋ ಯಾರ ಪ್ರಶ್ನೆಗೂ ಕಾಯುವುದಿಲ್ಲ. ನಮ್ಮ ಬೀದಿಯಲ್ಲಿ ನನ್ನನ್ನು ಬಿಟ್ಟು ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಗಂಡನಿಗೆ ಹೇಳಿದರೆ ಅವರು ನೀರು, ಕರೆಂಟು ಎಂದು ಮತ್ತೆ ಶುರು ಮಾಡುತ್ತಾರೆಂದು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಹೇಳಿದರೆ ಅದು ಇನ್ನಷ್ಟು ನಿಜವಾಗುತ್ತದೆಂಬ ಅಂಜಿಕೆಯೂ ಇತ್ತು.

ಮರುದಿನ ಅದೇ ಹೊತ್ತಿಗೆ ಕೋಣೆ ಸೇರಿದೆ. ಮೊದಲು ಮೈಕಿನ ತಂತಿ ಕಿತ್ತು ರೆಕಾರ್ಡ್ ಮಾಡಿ ಕೇಳಿದೆ. ಏನೂ ಇಲ್ಲ, ಬರೀ ಮೌನ. ಅಂದರೆ ಯಂತ್ರದೊಳಗಿನದಲ್ಲ. ತಂತಿ ಸಿಕ್ಕಿಸಿ, ಮೈಕಿನ ಮಟ್ಟವನ್ನು ಪೂರ್ತಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡೆ. ಆಚೆಯ ಫ್ಯಾನಿನ ದೂರದ ಸದ್ದು, ಪಂಪಿನ ಸಣ್ಣ ಮಿಡಿತ ಬಿಟ್ಟರೆ ಬೇರೇನೂ ಇಲ್ಲ. ಬಹಳ ಹೊತ್ತು ಕೂತೆ. ಬೆವರು ಹೆಡ್‌ಫೋನಿನ ಅಂಚಿನಿಂದ ಇಳಿಯುತ್ತಿತ್ತು.

ಕೊನೆಗೆ ಮೈಕಿಗೆ ಬಾಯಿ ಹತ್ತಿರ ತಂದು, ಓದುವ ದನಿಯಲ್ಲೇ ಕೇಳಿದೆ: "ಯಾರಿದ್ದೀರಿ ಅಲ್ಲಿ?"

ಬಿಡುವು.

"ನಾ ಅವ್ವಾ," ಎಂದಿತು ಹೆಡ್‌ಫೋನ್. "ಬಾಗಲಾ ತಗೀ."

ಆ ಕಾದ ಕೋಣೆಯಲ್ಲಿ ನನ್ನ ಮೈ ತಣ್ಣಗಾಯಿತು. ಹೆಡ್‌ಫೋನ್ ತೆಗೆದೆ. ಬರಿಗಿವಿಗೆ ಏನೂ ಕೇಳಿಸಲಿಲ್ಲ. ಆಗ ಕೆಲಸದ ಅಭ್ಯಾಸವೇ ಕೈ ಹಿಡಿಯಿತು. ದನಿಯೊಂದು ಮೈಕಿಗೆ ಬಂದಿದೆ ಎಂದರೆ ಅದು ಎಲ್ಲಿಂದಲೋ ಬಂದಿರಬೇಕು. ಗೋಡೆ ದಪ್ಪ, ಕಿಟಕಿ ಭದ್ರ. ಹೊಸದಾಗಿ ತೆರೆದುಕೊಂಡದ್ದು ಒಂದೇ ಜಾಗ.

ಸ್ಟೂಲ್ ಹತ್ತಿ, ರಜಾಯಿ ಸರಿಸಿ, ಪೈಪು ಹಾದುಹೋಗಿದ್ದ ವೆಂಟಿಲೇಟರಿಗೆ ಕಿವಿ ಇಟ್ಟೆ. ರೇಡಿಯೇಟರಿನ ಫ್ಯಾನಿನ ಭರ್ ಎನ್ನುವ ಸದ್ದು. ಕೆಳಗಿಳಿದು ಕಂಪ್ಯೂಟರ್ ಆರಿಸಿ, ಫ್ಯಾನು ಪಂಪು ಎರಡನ್ನೂ ನಿಲ್ಲಿಸಿ ಮತ್ತೆ ಹತ್ತಿದೆ. ಈಗ ಕೇಳಿಸಿತು. ಯಾರೋ ಮರದ ಬಾಗಿಲನ್ನು ಅಂಗೈಯಿಂದ ಒಂದೇ ಲಯದಲ್ಲಿ ತಟ್ಟುತ್ತಿದ್ದರು.

ಸಂದಿಯೊಳಗೆ ಇಣುಕಿದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ರೇಡಿಯೇಟರಿನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಿಂದಿನ ಮನೆಯ ಒಂದು ಪುಟ್ಟ ಕಿಟಕಿ ಇತ್ತು. ಕಟ್ಟುವಾಗ ಅದನ್ನು ನೋಡಿದ್ದೆ, ಮುಚ್ಚಿದ ಉಗ್ರಾಣದ್ದಿರಬೇಕೆಂದುಕೊಂಡಿದ್ದೆ. ಮುಚ್ಚಿದ ಕಿಟಕಿಬಾಗಿಲಿನ ಓರೆಪಟ್ಟಿಗಳ ನಡುವೆ ಈಗ ನಾಲ್ಕು ಬೆರಳುಗಳಿದ್ದವು. ಬಾಗಿಲು ತಟ್ಟುವುದು ನಿಂತಿತ್ತು. ಫ್ಯಾನು ನಿಂತದ್ದನ್ನು ತಿಳಿಯಲೆಂಬಂತೆ ಆ ಬೆರಳುಗಳು ಗಾಳಿಯನ್ನು ಮುಟ್ಟಿ ನೋಡುತ್ತಿದ್ದವು.

ಚಪ್ಪಲಿ ಮೆಟ್ಟಿ ಹೊರಬಿದ್ದೆ. ಬಿಸಿಲಿನಲ್ಲಿ ಸುತ್ತು ಹಾಕಿ ಹಿಂದಿನ ಬೀದಿಗೆ ಹೋಗಿ ಆ ಮನೆಯ ಬಾಗಿಲು ತಟ್ಟಿದೆ. ನನ್ನ ವಯಸ್ಸಿನ ಹೆಂಗಸೊಬ್ಬರು ಬಾಗಿಲು ಅರ್ಧ ತೆರೆದರು. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ನಮ್ಮ ಮಾತೆಲ್ಲ ತೆಲುಗಿನಲ್ಲಿ ನಡೆಯಿತು.

"ಹಿಂದಿನ ಮನೆಯವಳು ನಾನು. ನಿಮ್ಮ ಹಿಂಗೋಣೆಯಲ್ಲಿ ಯಾರಿದ್ದಾರೆ, ಅಕ್ಕಾ?"

ಅವರು ನನ್ನನ್ನು ನೋಡುತ್ತಲೇ ಇದ್ದರು. "ಯಾಕೆ? ನಿಮ್ಮ ಮನೆಗೂ ಕೇಳಿಸ್ತಿದೆಯಾ?"

"ಕೇಳಿಸ್ತಿದೆ."

"ಒಳಗೆ ಬನ್ನಿ," ಎಂದು ಬಾಗಿಲು ಪೂರ್ತಿ ತೆರೆದರು. ಆ ಮನೆಯ ಸೊಸೆ ಅವರು. ಗಂಡ ಬೆಂಜ್ ಸರ್ಕಲ್ ಹತ್ತಿರದ ಶೋರೂಮೊಂದರಲ್ಲಿ ಕೆಲಸಕ್ಕಿದ್ದರು. ಹಿಂಗೋಣೆಯಲ್ಲಿದ್ದದ್ದು ಅತ್ತೆ. ಮಾವ ತೀರಿಕೊಂಡ ಮೇಲೆ ಅವರು ಮಾತು ಕಡಿಮೆ ಮಾಡುತ್ತ ಬಂದು ಕೊನೆಗೆ ನಿಲ್ಲಿಸಿಯೇ ಬಿಟ್ಟಿದ್ದರು. ಡಾಕ್ಟರು ಮರೆವಿನ ಕಾಯಿಲೆ ಎಂದಿದ್ದರು.

"ಈ ತಿಂಗಳು ಇದ್ದಕ್ಕಿದ್ದಂತೆ ಮಾತು ಬಂತು," ಎಂದರು ಸೊಸೆ. "ನಮಗೆ ಅರ್ಥವಾಗದ ಮಾತು. ಮಧ್ಯಾಹ್ನ ಆದರೆ ಶುರು. ಗೋಡೆ ಕಡೆ ಮುಖ ಮಾಡಿ ಕೂತು ಕೇಳ್ತಾರೆ, ಆಮೇಲೆ ಉತ್ತರ ಕೊಡ್ತಾರೆ. ಗೋಡೆಯೊಳಗೆ ಒಬ್ಬಳಿದ್ದಾಳೆ ಅಂತ ಕೈಸನ್ನೆ ಮಾಡ್ತಾರೆ. ನಾನೂ ಕಿವಿ ಕೊಟ್ಟೆ. ನನಗೂ ಒಬ್ಬಳ ದನಿ ಕೇಳಿಸಿತು. ಆ ಕಿಟಕಿಯಿಂದ ಬಿಸಿ ಉಸಿರು ಬರುತ್ತೆ, ಯಾರೋ ಮುಖದ ಮೇಲೆ ಊದಿದ ಹಾಗೆ. ಒಂದು ಸಲ ಅವರು ಹೆದರಿ ರಸ್ತೆಗೆ ಓಡಿಹೋದರು, ಲಾರಿ ಕೆಳಗೆ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಅವತ್ತಿನಿಂದ ಆ ಹೊತ್ತಿಗೆ ಬೀಗ ಹಾಕ್ತಿದೀನಿ. ನಾಳೆ ಕೃಷ್ಣೆಯ ಆಚೆ ದಡದಿಂದ ಒಬ್ಬರು ಬರ್ತಾರೆ. ಮೆಣಸಿನಕಾಯಿ ಹೊಗೆ ಹಾಕಿ ಮೈಮೇಲೆ ಬಂದಿರೋದನ್ನು ಬಿಡಿಸ್ತಾರಂತೆ."

ಮುಚ್ಚಿದ ಕೋಣೆ, ಹೊಗೆ, ಬಾಗಿಲ ಬಳಿ ನಿಂತ ಒಬ್ಬ ಮುದುಕಿ.

"ಅಕ್ಕಾ," ಎಂದೆ, "ಆ ಗೋಡೆಯೊಳಗಿನವಳು ನಾನೇ."

ಮೈಕು, ಪೈಪು, ರೇಡಿಯೇಟರ್, ಕಾರ್ಖಾನೆಯ ಬೆಂಕಿ ಪಾಠ, ಎಲ್ಲವನ್ನೂ ಹೇಳಿದೆ. ಅವರ ಅತ್ತೆ ಆಡುತ್ತಿದ್ದದ್ದು ಕನ್ನಡವೆಂದೂ, ನನ್ನ ಸೂಚನೆಗಳನ್ನು ಕೇಳಿ ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಅವರು ನಾನು ಹೇಳಿದ್ದನ್ನೆಲ್ಲ ಮಾಡುತ್ತಿದ್ದಾರೆಂದೂ ಹೇಳಿದೆ.

"ನಾನು ಇಷ್ಟು ದಿನ ಈ ಮನೆಯಲ್ಲಿ ಹೆದರಿ ಹಗಲು ಹೊತ್ತಲ್ಲೇ ದೀಪ ಹಾಕಿಕೊಂಡು ಕೂತಿದ್ದೆ," ಎಂದರು ಸೊಸೆ. ಸಿಟ್ಟಿತ್ತು, ಆದರೆ ದನಿ ಏರಲಿಲ್ಲ. ಎದ್ದು ಬೀಗದ ಕೈ ತಂದರು.

ಬಾಗಿಲಿಗೆ ತೀರಾ ಹತ್ತಿರ ಆ ತಾಯಿ ನಿಂತಿದ್ದರು. ಸಣ್ಣ ಜೀವ. ಬಿಳಿ ಕೂದಲು ಬೆವರಿಗೆ ಹಣೆಗಂಟಿತ್ತು. ನನ್ನನ್ನು ನೋಡಿದರು, ಗುರುತಿಸಲಿಲ್ಲ. ಕೋಣೆಯಲ್ಲಿ ನನ್ನ ಯಂತ್ರದ ಕಾವು ಇನ್ನೂ ಇತ್ತು. ಕಾದ ತಾಮ್ರದ, ರಬ್ಬರಿನ ವಾಸನೆಯೂ ಇತ್ತು. ಪಾಠದ ಪ್ರಕಾರ ಬೆಂಕಿ ಆರಿದ ಮೇಲೆ ಹೇಳಬೇಕಾದ ಸೂಚನೆಗಳೂ ಇದ್ದವು. ಅವು ಮುಂದಿನ ಅಧ್ಯಾಯದಲ್ಲಿ. ಅದನ್ನು ನಾನಿನ್ನೂ ಓದಿರಲಿಲ್ಲ. ಆ ತಾಯಿ ಅಷ್ಟು ದಿನ ಪ್ರತಿ ಮಧ್ಯಾಹ್ನ ಹತ್ತಿಕೊಂಡ ಬೆಂಕಿ ಆರುವುದನ್ನೇ ಕೇಳಿರಲಿಲ್ಲ.

"ಬೆಂಕಿ ಆರಿತು ಅಮ್ಮ," ಎಂದೆ. "ಒಲೆ ಆರಿಸಿಬಿಟ್ಟೆ. ಇನ್ನೇನೂ ಭಯವಿಲ್ಲ."

ದನಿ ಕೇಳಿದ್ದೇ ಅವರ ಮುಖ ತಿರುಗಿತು. ನನ್ನ ಮುಖವನ್ನಲ್ಲ, ಬಾಯನ್ನು ನೋಡಿದರು. ಬೆರಳಿನಿಂದ ನನ್ನ ತುಟಿ ಮುಟ್ಟಿದರು.

"ಆರಿತೇನು?"

"ಆರಿತು."

"ಎಲ್ಲಾರೂ ಹೊರಗ ಬಂದ್ರೇನು?"

"ಬಂದರು ಅಮ್ಮ."

"ತಂಗಿ ಬಂದ್ಲೇನು?"

ಯಾವ ತಂಗಿ ಎಂದು ನನಗೆ ತಿಳಿಯದು. ಸೊಸೆಯ ಕಡೆ ನೋಡಿದೆ. ಅವರಿಗೆ ಮಾತೇ ಅರ್ಥವಾಗಿರಲಿಲ್ಲ. ಮುದುಕಿಯ ಕೈ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಗುತ್ತಿತ್ತು.

"ಬಂದಳು," ಎಂದೆ.

ಅವರು ಮಂಚದ ಮೇಲೆ ಕೂತರು.

ಸಂಜೆ ಆ ತಾಯಿಯ ಮಗ ಬಂದ ಮೇಲೆ ನನ್ನ ಗಂಡನನ್ನೂ ಕರೆದುಕೊಂಡು ಮತ್ತೆ ಹೋದೆ. ಅಷ್ಟರಲ್ಲಿ ಸಂದಿಯಿಂದ ಪಂಪನ್ನೂ ರೇಡಿಯೇಟರನ್ನೂ ಕಿತ್ತು ತಂದಾಗಿತ್ತು. ನೀರು ಚೆಲ್ಲಿ ಕೋಣೆಯೆಲ್ಲ ಒದ್ದೆ. ಮಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ತಂದೆ ಹರೆಯದಲ್ಲಿ ಹೊಸಪೇಟೆಯ ಆಚೆ ಕಾಲುವೆ ಕೆಲಸಕ್ಕೆ ಹೋಗಿದ್ದವರು, ಅಲ್ಲೇ ಮದುವೆಯಾಗಿ ಅಮ್ಮನನ್ನು ಕರೆತಂದರಂತೆ. ಇಷ್ಟು ಮಾತ್ರ ಅವರಿಗೆ ಗೊತ್ತು. ಅಮ್ಮ ಆ ಭಾಷೆ ಆಡಿದ್ದನ್ನು ಹುಟ್ಟಿದಾಗಿನಿಂದ ಕೇಳಿಲ್ಲ. ತವರಿನವರೆಂದು ಯಾರೂ ಬಂದದ್ದೂ ಇಲ್ಲ.

"ತಂಗಿ?" ಎಂದು ಕೇಳಿದೆ.

"ಅಮ್ಮನಿಗೆ ತಂಗಿ ಇರಲಿಲ್ಲ, ಮೇಡಂ. ಒಬ್ಬಳೇ ಮಗಳು ಅಂತ ಅಪ್ಪ ಹೇಳ್ತಿದ್ದರು." ಅವರು ಮುಂದುವರಿಸಿದರು: "ಅದು ಕನ್ನಡವೇ ಇರಬಹುದು, ಇಲ್ಲ ಅನ್ನಲ್ಲ. ಆದರೆ ಅದನ್ನು ಆಡ್ತಿರೋದು ನಮ್ಮ ಅಮ್ಮನೇ ಅಂತ ಹೇಗೆ ಹೇಳ್ತೀರಿ? ಆಕೆಗೆ ಇಲ್ಲದ ತಂಗಿಯನ್ನು ಕೇಳ್ತಿರೋದು ಯಾರು?"

ತಂತಿ ಕಿತ್ತು ನೋಡಿದರೆ ತಿಳಿಯುವ ವಿಷಯವಲ್ಲ ಅದು. ನಾವೆಲ್ಲ ಹಿಂಗೋಣೆಗೆ ಹೋದೆವು. ಮುದುಕಿಯ ಪಕ್ಕ ಕೂತು, ಎದುರಿಗೆ ನಿಂತ ಮಗನನ್ನು ತೋರಿಸಿ, ಕನ್ನಡದಲ್ಲಿ ಕೇಳಿದೆ: "ಇವರು ಯಾರು ಅಮ್ಮ?"

ಅವರು ಆತನನ್ನು ನೋಡಿದರು. ಆ ನೋಟ ಹಾದುಹೋಗಿಬಿಡುತ್ತದೆ ಎಂದುಕೊಂಡೆ. ಆತ ಇನ್ನೂ ಶೋರೂಮಿನ ಟೈ ಬಿಚ್ಚಿರಲಿಲ್ಲ. ಬೆವರಿನಲ್ಲಿ ಅಂಗಿ ಬೆನ್ನಿಗಂಟಿತ್ತು.

"ತಿನ್ನಾವಾ, ನಾನ್ನಾ?" ಎಂದರು. ಊಟ ಮಾಡಿದೆಯಾ ಮಗನೇ ಎಂದು, ಸ್ವಚ್ಛ ಕೃಷ್ಣಾ ಜಿಲ್ಲೆಯ ತೆಲುಗಿನಲ್ಲಿ.

ಮಗ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದರು.

ಕೆಲಸ ನಿಂತಿತ್ತು. ಸುರಕ್ಷತಾ ಅಧಿಕಾರಿಗಳಿಗೆ ನಡೆದದ್ದೆಲ್ಲ ಹೇಳಿದಾಗ ಅವರು, "ಪಾಠ ತಡಾದ್ರ ಆಗ್ಲಿ ಬಿಡ್ರಿ, ನಾ ಆಫೀಸಿನವರಿಗೆ ಹೇಳ್ತೀನಿ," ಎಂದರು. ಅವರೇ ಒಂದು ಉಪಾಯವನ್ನೂ ಸೂಚಿಸಿದರು. ಅಂಗೈಯಗಲದ ಡಿಜಿಟಲ್ ರೆಕಾರ್ಡರ್ ಆಗಷ್ಟೇ ಅಂಗಡಿಗಳಿಗೆ ಬಂದಿತ್ತು. ಕಂಪ್ಯೂಟರ್ ಆರಿಸಿಟ್ಟು, ಪಾಠವನ್ನು ಕಾಗದದಲ್ಲಿ ಹಿಡಿದು ಅದರಲ್ಲಿ ಓದುವುದು. ಫ್ಯಾನು ಕಿರುಚಿದರೂ ಪರವಾಗಿಲ್ಲದ ಎಡಿಟಿಂಗನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುವುದು. ಕನ್ನಡದ ಬೆಂಕಿ ಅಧ್ಯಾಯವನ್ನು ಮಾತ್ರ ಮನೆಯಲ್ಲಿ ಓದಲು ಮನಸ್ಸು ಬರಲಿಲ್ಲ. ವಿಶಾಖಪಟ್ಟಣಕ್ಕೆ ಹೋಗಿ, ದ್ವಾರಕಾ ನಗರದ ಆ ಒಳಕೋಣೆಯಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಿದೆ. ಪ್ರತಿ ಬಿಡುವಿನಲ್ಲೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಏನೂ ಬರಲಿಲ್ಲ.

ಮನೆಯ ಕಂಪ್ಯೂಟರಿಗೆ ನೀರಿನ ವ್ಯವಸ್ಥೆ ಮಾಡಬಹುದೇ ಎಂದು ಪರಿಚಯದವರು ಆಮೇಲೆ ಕೇಳುತ್ತಿದ್ದರು. ಕೆಲಸ ಮಾಡುತ್ತದೆ ಎಂದೇ ಹೇಳುತ್ತಿದ್ದೆ. ನಮ್ಮ ಊರಿನ ಬಿಸಿಗೂ ಕೆಲಸ ಮಾಡಿತು, ಅದರಲ್ಲಿ ಮೋಸವಿಲ್ಲ. ಆದರೆ ಬಿಸಿಯನ್ನು ಎಲ್ಲಿ ಇಳಿಸುತ್ತೀರಿ, ಆ ಜಾಗದಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡು ಬನ್ನಿ, ಆಮೇಲೆ ಪೈಪಿನ ಅಳತೆ ಹೇಳುತ್ತೇನೆ ಎನ್ನುತ್ತಿದ್ದೆ. ಅವರು ತಮಾಷೆ ಎಂದುಕೊಳ್ಳುತ್ತಿದ್ದರು.

ಆ ಬೇಸಿಗೆ ಮುಗಿಯುವವರೆಗೂ ಮಧ್ಯಾಹ್ನ ಓದು ಮುಗಿಸಿ ಹಿಂದಿನ ಮನೆಗೆ ಹೋಗುತ್ತಿದ್ದೆ. ಸೊಸೆಗೆ ಆ ಹೊತ್ತು ಒಂದಿಷ್ಟು ನಿದ್ದೆ ಸಿಗುತ್ತಿತ್ತು. ಅವರು ನಾಲ್ಕಾರು ಕನ್ನಡ ಮಾತು ಕಲಿತುಕೊಂಡರು. ನೀರು ಬೇಕೇ, ಊಟ ಮಾಡುತ್ತೀರಾ, ನಾನಿಲ್ಲೇ ಇದ್ದೀನಿ ಎಂದು ಅತ್ತೆಗೆ ತೆಲುಗಿನ ರಾಗದಲ್ಲೇ ಹೇಳುತ್ತಿದ್ದರು. ಬಾಗಿಲಿಗೆ ಮತ್ತೆ ಬೀಗ ಬೀಳಲಿಲ್ಲ. ಮುದುಕಿ ನನ್ನನ್ನು ಒಮ್ಮೆ ಅವ್ವ ಎನ್ನುತ್ತಿದ್ದರು, ಒಮ್ಮೆ ಯಾರದೋ ಹೆಸರು ಹಿಡಿದು ಕರೆಯುತ್ತಿದ್ದರು. ಏನೇ ಮಾತಾಡಲಿ, ನಡುವೆ ಒಮ್ಮೆ ತಂಗಿ ಬಂದಳೇ ಎಂದು ಕೇಳುತ್ತಿದ್ದರು. ಬಂದಳು ಎನ್ನುತ್ತಿದ್ದೆ. ಅವರು ಬಾಗಿಲ ಕಡೆ ನೋಡಿ, ಸುಮ್ಮನಾಗುತ್ತಿದ್ದರು. ಸುಳ್ಳು ಹೇಳುತ್ತಿದ್ದೇನೆಯೇ, ನಿಜ ಹೇಳುತ್ತಿದ್ದೇನೆಯೇ ಎಂಬುದು ನನಗೇ ತಿಳಿಯುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ದಿನ ಹೋದಾಗ ಅವರು ಮಂಚದ ಒಂದು ಅಂಚಿಗೆ ಸರಿದು, ಗೋಡೆಯ ಕಡೆ ಜಾಗ ಬಿಟ್ಟು ಕೂತಿದ್ದರು. ಆ ಜಾಗದ ಮೇಲೆ ತಮ್ಮ ಹೊದಿಕೆಯನ್ನು ಹರವಿ, ಅಂಚನ್ನು ನೀಟಾಗಿ ಒಳಕ್ಕೆ ಸಿಕ್ಕಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟರು.

"ಬಂದಾಳ," ಎಂದರು ಪಿಸುದನಿಯಲ್ಲಿ. "ಈಗ ಕಣ್ಣ ಮುಚ್ಚ್ಯಾಳ. ಸಪ್ಪಳ ಮಾಡಬ್ಯಾಡ."

ನಾನು ಚಪ್ಪಲಿ ಬಿಟ್ಟು, ನೆಲದ ಮೇಲೆ ಸದ್ದಾಗದಂತೆ ಕೂತೆ.